ಅಳಬಾರದ ಕಣ್ಣು

ಲಾಲಪ್ಪ ತೀರಿಕೊಂಡು ಎರಡು ದಿನವಾಗಿತ್ತು. ಊರು ಬಿಟ್ಟು ದುಡಿಯಲು ಬಂದು ನೆಲೆಸಿದ್ದ ಮೋತಿ ಡೊಂಗರಿನ ಆ ಮನೆಯಲ್ಲಿ ಅದು ಗೊತ್ತಿಲ್ಲದವಳು ಅವನ ಮಗಳು ಸುರೇಖಾ ಒಬ್ಬಳೇ.

ಕುಂಕಳ್ಳಿಯ ಮೀನಿನ ಫ್ಯಾಕ್ಟರಿಯಲ್ಲಿ ಥಂಡಿ ಕೋಣೆಯಿಂದ ಹೊರಗೆ ಬಂದಾಗಲೆಲ್ಲ ಅವಳ ಚಷ್ಮಾಕ್ಕೆ ಮಬ್ಬು ಕವಿಯುತ್ತಿತ್ತು. ಆ ಕಾಟ ಸಾಕಾಗಿ ಕಣ್ಣಿಗೆ ಲೇಸರ್ ಮಾಡಿಸಿಕೊಂಡಳು. ಮರುದಿನವೇ ಊರಿಂದ ಗಂಡನ ಫೋನಿಗೆ ಸಾವಿನ ಸುದ್ದಿ ಬಂತು. ಕಣ್ಣಿಗೆ ಖಾರ ಬಿದ್ದಂತೆ ಉರಿ, ಕಿಟಕಿಗೆ ಸೀರೆ ಕಟ್ಟಿಕೊಂಡು ಮಲಗಿದ್ದವಳಿಗೆ ಹೇಗೆ ಹೇಳುವುದು? ಅತ್ತರೆ ಕಣ್ಣೇ ಹೋದೀತು ಎಂದ ಗಂಡ ಸುನಿಲ. ಅವನ ತಾಯಿ ಸೋಮಿಬಾಯಿ ಹೂಂ ಅಂದಳು. ಸೊಸೆಯ ಫೋನು ಬಚ್ಚಿಟ್ಟು, ಕೆಲಸದ ನೆಪ ಹೇಳಿ ಸುನಿಲ ಒಬ್ಬನೇ ಮಣ್ಣಿಗೆ ಹೋದ.

ದಿನಕ್ಕೆ ನಾಲ್ಕು ಸಲ ಸೋಮಿಬಾಯಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೆಳಗಿನ ರೆಪ್ಪೆ ಎಳೆದು, ನೋವು-ಬಾವು ಇಳಿಸುವ ಹನಿ ಬಿಡುತ್ತಿದ್ದಳು. ಆಮೇಲೆ ಐದು ನಿಮಿಷ ಕಣ್ಣು ಮುಚ್ಚಿರಬೇಕು. ಸುಳ್ಳು ಹೊತ್ತವರಿಗೆ ಆ ಐದು ನಿಮಿಷ ಐದು ತಾಸು. ಸುರೇಖಾ ಅಪ್ಪನ ಮಾತು ತೆಗೆಯುತ್ತಿದ್ದಳು: ಚಷ್ಮಾ ಇಲ್ಲದೆ ಹೋಗಿ ಅವನೆದುರು ನಿಲ್ಲಬೇಕಂತೆ, ಗುರುತು ಹಿಡಿಯುತ್ತಾನೋ ಇಲ್ಲವೋ ನೋಡಬೇಕಂತೆ. ಸೋಮಿಬಾಯಿಗೆ ಸುದ್ದಿ ಬಾಯಿತನಕ ಬಂದು ಮತ್ತೆ ಗಂಟಲಿಗೆ ಇಳಿಯುತ್ತಿತ್ತು.

ಇಂದು ಆಸ್ಪತ್ರೆಯಲ್ಲಿ ತಪಾಸಣೆ. ಗಾಯ ಮಾಯುತ್ತಿದೆ, ನೋವಿನ ಹನಿ ಇನ್ನೆರಡು ದಿನ ಸಾಕು ಎಂದರು. ಸುರೇಖಾ ಇನ್ನೂ ಒಳಗಿದ್ದಾಗ ಸೋಮಿಬಾಯಿ ನರ್ಸನ್ನು ಪಕ್ಕಕ್ಕೆ ಕರೆದು, ಈ ಕಣ್ಣಿನಲ್ಲಿ ಅಳಬಹುದೇ ಎಂದು ಹರಕು ಹಿಂದಿಯಲ್ಲಿ ಕೇಳಿದಳು. ನರ್ಸ್ ನಗಲು ಹೋಗಿ, ಅವಳ ಮುಖ ನೋಡಿ ಸುಮ್ಮನಾದಳು. ಅಳಲಿ, ಕಣ್ಣೀರಿನಿಂದ ಏನೂ ಆಗುವುದಿಲ್ಲ, ಕೈಯಿಂದ ಉಜ್ಜಬಾರದು ಅಷ್ಟೇ ಎಂದಳು. ಊರಿಗೆ ಹೋಗಬಹುದಿತ್ತೇ? ಕಪ್ಪು ಕನ್ನಡಕ ಹಾಕಿಕೊಂಡು, ಹನಿ ಜೊತೆಗಿಟ್ಟುಕೊಂಡು ಹೋಗಬಹುದಿತ್ತಲ್ಲ ಎಂದಳು ನರ್ಸ್.

ಮೊದಲೇ ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು? ಒಂದು ಫೋನಿನ ಮಾತು. ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸೋಮಿಬಾಯಿಗೆ ತನ್ನ ಮೇಲೇ ಅಸಹ್ಯ ಬಂತು.

ಮನೆಗೆ ಬಂದು ಹನಿ ಹಾಕಿದಳು. ಐದು ನಿಮಿಷ ಕಾದಳು. ಆಮೇಲೆ ಸೊಸೆಯ ಎರಡೂ ಕೈ ಹಿಡಿದುಕೊಂಡಳು.

"ನಿಮ್ಮಪ್ಪಾರು ಹೋದ್ರವ್ವಾ. ನಿನ್ನೆ ಮಣ್ಣಾತು."

ಸುರೇಖಾ ಮೊದಲು ನಂಬಲಿಲ್ಲ. ಆಮೇಲೆ ಕೂಗಿ ಅತ್ತಳು. ಕಣ್ಣಿಗೆ ಹೋಗುತ್ತಿದ್ದ ಕೈಗಳನ್ನು ಸೋಮಿಬಾಯಿ ಬಿಗಿಯಾಗಿ ಹಿಡಿದಳು.

"ಅಪ್ಪನ ಮಾರಿ ನೋಡಲಾರದ ಕಣ್ಣು," ಎಂದಳು ಸುರೇಖಾ, "ಯಾರನ್ನ ನೋಡಾಕ ಉಳಿಸಿದ್ರಿ ಅತ್ತಿ?"

ಸೋಮಿಬಾಯಿ ಹಿಡಿದ ಕೈ ಬಿಡಲಿಲ್ಲ.