ಸೋಮನಾಥನ ಫರ್ಮ್‌ವೇರ್

ಕೊಪ್ಪದಲ್ಲಿ ಫೋಟೊ ಸ್ಟುಡಿಯೊ ಇಟ್ಟ ಸೋಮನಾಥನಿಗೆ ಫರ್ಮ್‌ವೇರ್ ಎಂಬ ಶಬ್ದ ಸಿಕ್ಕಿದ್ದು ಇತ್ತೀಚೆಗೆ. ಹೊಸ ವಾಚು ಕಟ್ಟಿದವನು ಸುಮ್ಮಸುಮ್ಮನೆ ಗಂಟೆ ನೋಡುವ ಹಾಗೆ ಅವನು ಅದನ್ನು ಬಳಸುತ್ತಿದ್ದ. "ಹಾರ್ಡ್ ಡಿಸ್ಕಿಗೆ ಎಂತದೂ ಆಗ್ಲಿಲ್ಲ ಮೇಡಂ, ಫರ್ಮ್‌ವೇರ್ ಹೋಗಿದೆ ಅಷ್ಟೆ" ಎಂದು ಪವಿತ್ರಾಳಿಗೆ ಫೋನಿನಲ್ಲಿ ಹೇಳಿದ. ಪಕ್ಕದ ಮನೆಯ ಬೆಕ್ಕು ಹೋಯಿತು ಅನ್ನುವಷ್ಟೇ ನಿರಾಳ ದನಿ.

ಆ ಡಿಸ್ಕಿನಲ್ಲಿದ್ದದ್ದು ಪವಿತ್ರಾಳ ಮದುವೆ. ಮೂರು ವರ್ಷದಿಂದ ಅದು ಸ್ಟುಡಿಯೊದಲ್ಲೇ ಬಿದ್ದಿತ್ತು, ಏಕೆಂದರೆ ಮೇಗುಂದದ ಅವಳ ಬಳಗಕ್ಕೆ ಆಲ್ಬಮ್ಮಿನ ಫೋಟೊ ಆರಿಸಿ ಮುಗಿದಿರಲಿಲ್ಲ. ದೊಡ್ಡಮ್ಮ ಕಣ್ಣು ಮುಚ್ಚಿದ್ದು ಬೇಡ, ಅತ್ತೆಯ ಸೀರೆಯ ಜರಿ ಕಾಣದ್ದು ಬೇಡ, ಚಿಕ್ಕಪ್ಪನ ಪಕ್ಕದಲ್ಲಿ ಅವರೊಡನೆ ಮಾತು ಬಿಟ್ಟವರು ನಿಂತದ್ದಂತೂ ಬೇಡವೇ ಬೇಡ. ಆಲ್ಬಮ್ ಆಗದೆ ವಿಡಿಯೊ ಕೊಡುವ ಪದ್ಧತಿ ಸೋಮನಾಥನಲ್ಲಿಲ್ಲ. ಇನ್ನೊಂದು ಪ್ರತಿ ತೆಗೆದಿಡುವ ಪದ್ಧತಿ ಅವನ ವಂಶದಲ್ಲೇ ಇಲ್ಲ.

ಪವಿತ್ರಾಳಿಗೆ ಆಲ್ಬಮ್ ಬೇಕಿರಲಿಲ್ಲ, ಧಾರೆಯ ಹೊತ್ತಿನ ಒಂದು ತುಣುಕು ಸಾಕಿತ್ತು. ಅವಳ ಅಪ್ಪ ಭೈರಪ್ಪಗೌಡರು ಮಗಳೊಡನೆ ಬೈಗುಳ ಬಿಟ್ಟರೆ ಬೇರೆ ಮಾತು ಕಲಿತವರಲ್ಲ. ಆದರೆ ಧಾರೆ ಎರೆಯುವಾಗ ಮಗುವಿನ ಹಾಗೆ ಅತ್ತರಂತೆ. ಕಂಡವರೆಲ್ಲ ಹೇಳಿದ್ದರು, ತಲೆ ತಗ್ಗಿಸಿ ನಿಂತಿದ್ದ ಮಗಳು ಮಾತ್ರ ಕಂಡಿರಲಿಲ್ಲ. ಹೋದ ದೀಪಾವಳಿಗೆ ಅಪ್ಪ ತೀರಿಕೊಂಡರು. ತನಗಾಗಿ ಅವರು ಅತ್ತದ್ದನ್ನು ಒಮ್ಮೆ ಕಣ್ಣಾರೆ ನೋಡದೆ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ.

ಕೊನೆಗೆ ಅವಳೇ ಸೋಮನಾಥನನ್ನು ಎಳೆದುಕೊಂಡು ನರಸಿಂಹರಾಜಪುರಕ್ಕೆ, ಅಫ್ರೋಜನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದಳು. ಅಫ್ರೋಜ್ ಡಿಸ್ಕಿಗೆ ತಂತಿ ಸಿಕ್ಕಿಸಿ ಪರದೆ ನೋಡಿದವನೇ ಹುಬ್ಬು ಗಂಟಿಕ್ಕಿದ.

"ಫರ್ಮ್‌ವೇರ್ ಅಂದ್ರೆ ಡಿಸ್ಕನ್ನ ನಡೆಸೋ ಪ್ರೋಗ್ರಾಮು, ಅದು ಡಿಸ್ಕಿನ ಒಳಗೇ ಇರ್ತದೆ ಅಕ್ಕ, ಎರಡು ಪ್ರತಿ. ಒಂದರ ಮೇಲೆ ಬೇರೆ ಯಾವುದೋ ಮಾಡೆಲಿಂದು ಬಂದು ಕೂತಿದೆ. ಯಾರು ಹಾಕಿದ್ದು?"

"ವೋಲ್ಟೇಜ್ ಮಾರಾಯ," ಎಂದ ಸೋಮನಾಥ. "ಕರೆಂಟು ಹೋಗಿ ಬಂದು ಮಾಡ್ತದಲ್ಲ."

"ವೋಲ್ಟೇಜಿಗೆ ಮಾಡೆಲ್ ನಂಬರ್ ಬರಿಯಕ್ಕೆ ಬರ್ತದಾ ಸೋಮಣ್ಣ? ಇನ್ನೊಂದು ಪ್ರತೀನೂ ಮುಟ್ಟಿದೀರಾ ಹೇಗೆ? ನಿಜ ಹೇಳದಿದ್ರೆ ನಾನು ಕೈ ಹಾಕಲ್ಲ."

ಸೋಮನಾಥ ಫ್ಯಾನು ನೋಡಿದ, ಚಪ್ಪಲಿ ನೋಡಿದ. ಪವಿತ್ರಾಳಿಗೆ ಮೈಯೆಲ್ಲ ಉರಿಯಿತು.

"ಬಾಯಿ ಬಿಡಿ ಸೋಮಣ್ಣ! ಅದರಲ್ಲಿ ನಮ್ಮಪ್ಪ ಇದಾರೆ."

"ಡಿಸ್ಕು ಸ್ವಲ್ಪ ನಿಧಾನ ಆಗಿತ್ತು. ಯಾವುದೋ ವಿಡಿಯೊ ನೋಡಿ ನಾನೇ ಹಾಕಿದೆ. ಅರ್ಧಕ್ಕೇ ನಿಂತುಹೋಯ್ತು."

ಅಂದರೆ ಬರೀ ನಿಧಾನವಾಗಿದ್ದ ಡಿಸ್ಕನ್ನು ಈ ಪುಣ್ಯಾತ್ಮನೇ ಕೊಂದದ್ದು. ಕೊಲ್ಲುವ ಕೆಲಸವನ್ನೂ ಪೂರ್ತಿ ಮಾಡಲು ಬಾರದ್ದರಿಂದ ಎರಡನೆಯ ಪ್ರತಿ ಉಳಿದಿತ್ತು. ಅಫ್ರೋಜ್ ಮೊದಲು ಎರಡನ್ನೂ ಇದ್ದ ಹಾಗೇ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ. ಆಮೇಲೆ ಸರಿಯಿದ್ದ ಪ್ರತಿಯನ್ನು ಕೆಟ್ಟದ್ದರ ಮೇಲೆ ಬರೆದು, ಡಿಸ್ಕನ್ನು ಆಫ್ ಮಾಡಿ ಮತ್ತೆ ಆನ್ ಮಾಡಿದ. ಪರದೆಯ ಮೇಲೆ ಮದುವೆಗಳ ಸಾಲು ಮೂಡಿತು. ಪವಿತ್ರಾ ತನಗೆ ಗೊತ್ತಿಲ್ಲದೆಯೇ ಕೈ ಮುಗಿದಿದ್ದಳು.

ಧಾರೆಯ ವಿಡಿಯೊ ತೆರೆಯಿತು. ವಾದ್ಯ ಮೊಳಗಿತು. ಅಪ್ಪ ಕಲಶ ಎತ್ತಿದರು. ಅಷ್ಟರಲ್ಲಿ ಫೋಟೊ ತೆಗೆಯಲು ಸೋಮನಾಥನೇ ತನ್ನ ವಿಡಿಯೊ ಹುಡುಗನಿಗೆ ಅಡ್ಡ ಬಂದು ನಿಂತ. ಪರದೆ ತುಂಬ ಅವನ ಬೆನ್ನು. ಬೆನ್ನಿನಾಚೆ ಯಾರೋ ಬಿಕ್ಕಿದ ಸದ್ದು, ಅದರ ಹಿಂದೆಯೇ ಅವನ ಗಂಟಲು: "ಗೌಡ್ರೇ, ಅಳ್ಬೇಡಿ ಮಾರಾಯ್ರೆ, ಫೋಟೊ ಹಾಳಾಗ್ತದೆ. ಎಲ್ಲಿ, ಸ್ವಲ್ಪ ನಗಿ!"

ಬೆನ್ನು ಸರಿಯಿತು. ಅಪ್ಪ ಆಗಲೇ ಮುಖ ಒರೆಸಿಕೊಂಡಿದ್ದರು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದ ಮನುಷ್ಯ, ಹೋಗಿ ಹೋಗಿ ಇವನ ಮಾತು ಕೇಳಿ, ಕ್ಯಾಮೆರಾಕ್ಕೆ ಹಲ್ಲು ಬಿಟ್ಟು ನಿಂತಿದ್ದರು.

"ನೋಡಿ ಮೇಡಂ, ಎಷ್ಟು ಚೆನ್ನಾಗಿ ನಗ್ತಿದಾರೆ!" ಎಂದ ಸೋಮನಾಥ.

ಪವಿತ್ರಾ ಅವನ ಕಡೆ ತಿರುಗಲೂ ಇಲ್ಲ.

"ಹಿಂದಕ್ಕೆ ಹಾಕು ಅಫ್ರೋಜ್," ಎಂದಳು. "ಇವರ ಬೆನ್ನು ಇರೋ ಕಡೆಗೆ. ಕಾಣದಿದ್ರೆ ಬೇಡ, ಕೇಳ್ತೀನಿ."