ಭಾನುವಾರದ ಫೋನು

ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡು ಕೂತಿತ್ತು. ಒಳಗಿನ ತುದಿ ತಮ್ಮನ ಕೈಯಲ್ಲಿ, ಹೊರಗಿನ ತುದಿ ಪಕ್ಕದ ಮನೆಯ ಬಡಗಿಯ ಕೈಯಲ್ಲಿ. "ಓರೆ ಮಾಡಿ ಸಾರ್, ಓರೆ... ನಿಮ್ಮ ಕಡೆ ಸ್ವಲ್ಪ ಎತ್ತಿ" ಎಂದು ಬಡಗಿ ಹೇಳುತ್ತಲೇ ಇದ್ದ. ತಮ್ಮ ಎತ್ತುವುದೂ ಇಲ್ಲ, ಓರೆ ಮಾಡುವುದೂ ಇಲ್ಲ. ಭುಜ ಕೊಟ್ಟು ನೂಕುತ್ತಿದ್ದ. ಅಣ್ಣನನ್ನು ತರುವ ವ್ಯಾನು ಆಸ್ಪತ್ರೆಯಿಂದ ಹೊರಟಾಗಿದೆ ಎಂದು ಫೋನು ಬಂದಿತ್ತು. ಅದು ಬರುವಷ್ಟರಲ್ಲಿ ನಡುಮನೆ ಖಾಲಿಯಾಗಬೇಕಿತ್ತು.

"ಹಿಂಗೆ ನೂಕಿದ್ರೆ ಆಚೆ ಬರೋದು ಸೋಫಾ ಅಲ್ಲ, ಬಾಗಿಲ ಚೌಕಟ್ಟು." ಬಡಗಿ ತನ್ನ ತುದಿಯನ್ನು ಕೆಳಗಿಳಿಸಿ ಬೆವರು ಒರೆಸಿಕೊಂಡ. "ಒಂದು ನಿಮಿಷ ಕೂತ್ಕೊಳ್ಳಿ ಸಾರ್. ನಾನು ಇದರ ಕಾಲು ಬಿಚ್ತೀನಿ."

ತಮ್ಮ ಕೂರಲಿಲ್ಲ. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ದಿನವಿಡೀ ಅಲುಗಾಡದೆ ಕೂತು ಮೇಣದ ದವಡೆಯಲ್ಲಿ ಒಂದೊಂದೇ ಹಲ್ಲು ಜೋಡಿಸುವ ಮನುಷ್ಯ. ನಿನ್ನೆ ಸಂಜೆ ಅಣ್ಣ ಸ್ನಾನದ ಮನೆಯ ಮುಂದೆ ಕುಸಿದು ತೀರಿಕೊಂಡ ಸುದ್ದಿ ಬಂದಾಗಿನಿಂದ ಅವನ ಕಾಲಿಗೆ ಚಕ್ರ ಕಟ್ಟಿದಂತಾಗಿತ್ತು. ನೀರಿನ ಕ್ಯಾನು ತಂದ. ಬಾಡಿಗೆ ಕುರ್ಚಿ ಇಳಿಸಿದ. ಇಳಿಸಿದ ಕುರ್ಚಿಗಳನ್ನು ಗೋಡೆಯ ಆ ಬದಿಯಿಂದ ಈ ಬದಿಗೆ ಸರಿಸಿ, ಮತ್ತೆ ಆ ಬದಿಗೇ ಇಟ್ಟ.

ಕಾಲು ಬಿಚ್ಚಿದ ಮೇಲೆ ಸೋಫಾ ಸುಸೂತ್ರವಾಗಿ ಆಚೆ ಹೋಯಿತು. ಅದು ಇದ್ದ ಜಾಗದಲ್ಲಿ ಧೂಳಿನ ಚೌಕ, ಎರಡು ಪೆನ್ನಿನ ಮುಚ್ಚಳ, ಮತ್ತು ತನ್ನ ವೈರನ್ನು ತಾನೇ ಸುತ್ತಿಕೊಂಡು ಬಿದ್ದಿದ್ದ ವಿಡಿಯೋ ಗೇಮಿನ ಕಂಟ್ರೋಲರು. ಗಾಜಿನಂಗಡಿಯ ಯಜಮಾನ ಅದನ್ನು ಎತ್ತಿ ನೋಡಿದ. ಅಣ್ಣ ಮೂವತ್ತು ವರ್ಷ ಗಾಜು ಕತ್ತರಿಸಿದ್ದು ಅವನ ಅಂಗಡಿಯಲ್ಲೇ.

"ಮೊಮ್ಮಕ್ಕಳದಾ?"

"ಮೊಮ್ಮಕ್ಕಳಿಲ್ಲ," ಎಂದ ತಮ್ಮ. "ಅಣ್ಣಂದೇ."

"ಅವನದಾ? ಈ ವಯಸ್ಸಲ್ಲಿ?" ಯಜಮಾನ ಗುಂಡಿಗಳನ್ನು ಒತ್ತಿ ನೋಡಿದ. "ಏನ್ ಆಡ್ತಿದ್ದ?"

"ಒಂದು ಆಟ. ಕಾಡು, ಗುಡ್ಡ, ಕೋಟೆ, ಡ್ರ್ಯಾಗನ್ನು... ಎಲ್ಲಿ ಬೇಕಾದ್ರೂ ಓಡಾಡ್ಬೋದು. ನಾನೂ ಆಡ್ತೀನಿ."

ಯಜಮಾನ ಇಬ್ಬರ ವಯಸ್ಸನ್ನೂ ಕೂಡಿಸುವವನಂತೆ ಅವನ ಮುಖ ನೋಡಿ, ಕಂಟ್ರೋಲರನ್ನು ಕಿಟಕಿಯ ಮೇಲಿಟ್ಟ.

*

ಅಣ್ಣ ತಮ್ಮಂದಿರ ಮಾತು ನಿಂತದ್ದು ಅಮ್ಮ ಸತ್ತ ದಿನ. ಅಮ್ಮ ಇದ್ದದ್ದು ಅಣ್ಣನ ಮನೆಯಲ್ಲಿ. "ಈ ಸಲ ಉಳಿಯೋ ಹಾಗೆ ಕಾಣಲ್ಲ, ಬಾ" ಎಂದು ಫೋನು ಮಾಡಿದಾಗ ತಮ್ಮ, "ಹೀಗೆ ಎಷ್ಟು ಸಲ ಹೇಳಿದೀಯ" ಅಂದಿದ್ದ. ಮಾರನೆಯ ದಿನ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣ ಎಲ್ಲರೆದುರಿಗೆ, "ಬಂದ್ರಪ್ಪ, ಅತಿಥಿಗಳು" ಎಂದ. ಅಷ್ಟೇ ಮಾತು. ಆಮೇಲೆ ಮದುವೆ ಮುಂಜಿಗಳಲ್ಲಿ ಎದುರಾದರೆ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುವುದು, ಊಟಕ್ಕೆ ಬೇರೆ ಬೇರೆ ಸಾಲಿನಲ್ಲಿ ಕೂರುವುದು. ವರ್ಷಗಟ್ಟಲೆ ಹೀಗೇ ನಡೆಯಿತು.

ಆಮೇಲೊಂದು ಭಾನುವಾರ ತಮ್ಮನ ಫೋನು ಬಡಿದುಕೊಂಡಿತು. ಅಣ್ಣನ ನಂಬರು. ಯಾರಿಗೆ ಏನಾಯಿತೋ ಎಂದು ಎತ್ತಿದರೆ, ಆ ಕಡೆಯಿಂದ ಹಲೋ ಇಲ್ಲ, ಹೇಗಿದೀಯ ಇಲ್ಲ.

"ಆ ಕೋಟೆ ಆದ್ಮೇಲೆ ಒಂದು ಹೊಳೆ ಬರುತ್ತಲ್ಲ. ಅದನ್ನ ದಾಟೋದು ಹೇಗೋ?"

ತಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಣ್ಣನ ಮಗಳು ತಾನು ಹೊಸದು ಕೊಂಡು ಹಳೆಯ ಗೇಮಿನ ಪೆಟ್ಟಿಗೆಯನ್ನು ಅಪ್ಪನಿಗೆ ಬಿಟ್ಟುಹೋಗಿದ್ದಳು. ಎಲ್ಲಾದರೂ ಸಿಕ್ಕಿಕೊಂಡರೆ ಚಿಕ್ಕಪ್ಪನನ್ನು ಕೇಳು, ಅವರೂ ಅದೇ ಆಡ್ತಾರೆ ಎಂದಿದ್ದಳಂತೆ.

"ಈಜಕ್ಕೆ ಹೋಗ್ಬೇಡ," ಎಂದ ತಮ್ಮ. "ಮೇಲ್ಗಡೆ ಹೋಗು. ಒಂದು ಮರ ಅಡ್ಡ ಬಿದ್ದಿರುತ್ತೆ."

"ಸರಿ," ಎಂದು ಅಣ್ಣ ಫೋನು ಇಟ್ಟ. ಮುಂದಿನ ಭಾನುವಾರ ಅದೇ ಹೊತ್ತಿಗೆ ಮತ್ತೆ ಮಾಡಿದ.

ಹಾಗೆ ಶುರುವಾದದ್ದು ಒಂದು ಭಾನುವಾರವೂ ತಪ್ಪಲಿಲ್ಲ. ಅಮ್ಮನ ವಿಷಯ ಇಬ್ಬರೂ ಎತ್ತಲಿಲ್ಲ. ಬೇರೆ ಯಾವ ವಿಷಯ ಎತ್ತಿದರೂ ಅದು ಸುತ್ತಿ ಬಳಸಿ ಅಮ್ಮನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಆಟ ಮಾತ್ರ ಹಾಗೆ ಬರುತ್ತಿರಲಿಲ್ಲ. ಆದ್ದರಿಂದ ಗಂಟೆಗಟ್ಟಲೆ ಆಟದ ಮಾತು, ಅದೂ ಜಗಳವೇ. ತಮ್ಮನದು ಅಚ್ಚುಕಟ್ಟಿನ ಆಟ. ಕೊಟ್ಟ ಕೆಲಸ ಮುಗಿಸಬೇಕು, ಒಳ್ಳೆಯ ಕತ್ತಿ ಸಂಪಾದಿಸಬೇಕು, ಡ್ರ್ಯಾಗನ್ನನ್ನು ಕೊಂದು ರಾಜ್ಯ ಉಳಿಸಬೇಕು. ಅಣ್ಣ ಡ್ರ್ಯಾಗನ್ನಿನ ದಾರಿಯನ್ನೇ ಹಿಡಿಯಲಿಲ್ಲ.

"ಲೋಕ ಮುಳುಗ್ತಾ ಇದೆ, ನೀನು ಹೂವು ಕೀಳ್ತಾ ಕೂತಿದೀಯಲ್ಲೋ," ಎಂದು ತಮ್ಮ ರೇಗಿದರೆ, "ಲೋಕ ಇನ್ನೊಂದು ನಾಕು ದಿನ ತಡ್ಕೊಳ್ಳುತ್ತೆ. ನಾನು ಈ ಗುಡ್ಡದ ಆ ಕಡೆ ಏನಿದೆ ನೋಡ್ಕೊಂಡು ಬರ್ತೀನಿ," ಎನ್ನುತ್ತಿದ್ದ.

ಅಂಗಡಿಯಲ್ಲಿ ಒಂದು ಲೋಟ ಕೈಜಾರಿದರೂ ಬೆಚ್ಚಿಬೀಳುವ ಮನುಷ್ಯ, ಅಲ್ಲಿ ಬೆಟ್ಟದ ತುದಿಯಿಂದ ಸೀದಾ ಸರೋವರಕ್ಕೆ ಜಿಗಿಯುತ್ತಿದ್ದ. ಸಂಜೆಯ ಬಿಸಿಲು ಚೆನ್ನಾಗಿ ಮಾಡಿದ್ದಾರೆ, ಮಂಜು ಅದಕ್ಕಿಂತ ಚೆನ್ನಾಗಿದೆ ಎಂದು ವರದಿ ಒಪ್ಪಿಸುತ್ತಿದ್ದ. ಸಂತೆಯಲ್ಲಿ ಮಾತಾಡಿಸಿದವರೆಲ್ಲ ಹೇಳಿದ್ದನ್ನೇ ಹೇಳುತ್ತಾರೆ, ನಮ್ಮ ಯಜಮಾನರ ಹಾಗೆ ಎಂದು ನಗುತ್ತಿದ್ದ. "ಮಳೆ ಭೇಷ್. ಆದ್ರೆ ಕಿಟಕಿ ಮೇಲೆ ನೀರು ಇಳಿಯೋದು ಸುಳ್ಳು ಕಣೋ. ಗಾಜಿನ ಮೇಲೆ ನೀರು ಅಷ್ಟು ನೆಟ್ಟಗೆ ಇಳಿಯಲ್ಲ. ಒಂದು ಹನಿ ನಿಲ್ಲುತ್ತೆ, ಇನ್ನೊಂದು ಬಂದು ಅದನ್ನ ಕರ್ಕೊಂಡು ಹೋಗುತ್ತೆ."

"ಡ್ರ್ಯಾಗನ್ ಹಾರೋದು ನಿಜ, ನೀರು ಇಳಿಯೋದು ಸುಳ್ಳು. ಅಲ್ವಾ?"

"ಡ್ರ್ಯಾಗನ್ ಹೇಗೆ ಹಾರುತ್ತೆ ಅಂತ ನಾನೆಲ್ಲಿ ನೋಡಿದೀನಿ?"

*

ಹನ್ನೊಂದರ ಹೊತ್ತಿಗೆ ಅಣ್ಣ ಬಂದ. ಸೋಫಾ ಇದ್ದ ಜಾಗದಲ್ಲೇ ಮಲಗಿಸಿದರು. ಕುತ್ತಿಗೆಯವರೆಗೆ ಬಿಳಿ ಬಟ್ಟೆ. ಹಳೆಯ ಗಾಯಗಳ ಬಿಳಿ ಗೀರು ತುಂಬಿದ ಕೈಗಳು ಬಟ್ಟೆಯ ಒಳಗೆ. ಮಗಳ ರೈಲು ತಡವಾಗಿತ್ತು. ಅವಳು ಬಂದ ಮೇಲೆ, ಮೂರು ಗಂಟೆಗೆ ಸ್ಮಶಾನದ ವ್ಯಾನು.

ಜನ ಬಂದರು, ನಿಂತರು, ಕೂತರು. ತಮ್ಮ ಕೂತವರ ನಡುವೆ ಲೋಟ ಹಂಚುತ್ತ ತಿರುಗಿದ. ಕುಡಿಯದೆ ಇಟ್ಟ ಲೋಟಗಳನ್ನೂ ಎತ್ತಿಕೊಂಡು ಹೋದ.

"ಅಯ್ಯೋ, ನಾನಿನ್ನೂ ಕುಡಿದಿಲ್ಲ ಮಾರಾಯ್ರೇ," ಎಂದ ಗಾಜಿನಂಗಡಿಯ ಯಜಮಾನ. "ಬನ್ನಿ ಇಲ್ಲಿ, ಕೂತ್ಕೊಳ್ಳಿ. ನಿಮ್ಮನ್ನ ನೋಡ್ತಾ ನೋಡ್ತಾ ನನಗೇ ಸುಸ್ತಾಯ್ತು."

ತಮ್ಮ ಕುರ್ಚಿಯ ಅಂಚಿಗೆ ಕೂತ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಕಾಯಿಲೆ ಎಷ್ಟು ದಿನದಿಂದ?"

"ಕಾಯಿಲೆ? ಕಾಯಿಲೆ ಏನೂ ಇರ್ಲಿಲ್ಲವಲ್ಲ. ಇದ್ದಕ್ಕಿದ್ದ ಹಾಗೆ..."

"ಇದ್ದಕ್ಕಿದ್ದ ಹಾಗೆ ಏನ್ ಬಂತು?" ಯಜಮಾನ ದನಿ ತಗ್ಗಿಸಿದ. "ನಾಕೈದು ತಿಂಗಳಿಂದ ಏಣಿ ಹತ್ತೋ ಕೆಲಸ ಬೇಡ ಅಂತ ಅವನೇ ಬಂದು ಕೇಳ್ಕೊಂಡಿದ್ದ. 'ಎರಡು ಮೆಟ್ಟಿಲು ಹತ್ತಿದ್ರೆ ದಮ್ಮು ಹೋಗುತ್ತೆ, ಕೂತು ಏಳ್ಬೇಕು' ಅಂತಿದ್ದ. ನಿಮಗೆ ಹೇಳಿರ್ಲಿಲ್ವಾ?"

ತಮ್ಮ ತಟ್ಟನೆ ಎದ್ದ. ಕೈಯಲ್ಲಿದ್ದ ತಟ್ಟೆಯ ಲೋಟಗಳು ಒಂದಕ್ಕೊಂದು ತಗಲಿ ಸದ್ದು ಮಾಡಿದವು.

"ಹೇಳಿದ್ದ," ಎಂದ.

*

ಹೇಳಿದ್ದ. ಅದೇ ಮಾತಿನಲ್ಲಿ ಹೇಳಿದ್ದ.

ಕೆಲವು ವಾರಗಳ ಹಿಂದಿನ ಭಾನುವಾರ. ಹಿಮದ ಬೆಟ್ಟದ ಮೇಲಿನ ಗೋಪುರಕ್ಕೆ ಹೋಗುವ ಮೆಟ್ಟಿಲುಗಳ ವಿಷಯ ಮಾತಾಡುತ್ತಿದ್ದರು. ತಮ್ಮ ಒಂದೇ ಉಸಿರಿಗೆ ಹತ್ತಿದ್ದೇನೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದ.

"ನನ್ನ ಕೈಲಿ ಆಗಲ್ಲ ಕಣೋ," ಎಂದಿದ್ದ ಅಣ್ಣ. "ಎರಡು ಮೆಟ್ಟಿಲು ಹತ್ತಿದ್ರೆ ದಮ್ಮು ಹೋಗುತ್ತೆ. ಕೂತು ಏಳ್ಬೇಕು."

"ಭಾರ ಜಾಸ್ತಿ ಹೊತ್ಕೊಂಡಿದೀಯ, ಅದಕ್ಕೆ. ದಾರೀಲಿ ಸಿಕ್ಕ ಹಾಳುಮೂಳೆಲ್ಲ ಚೀಲಕ್ಕೆ ಹಾಕ್ಕೋತೀಯ. ಇಳಿಸು."

ಫೋನು ಕಡಿದುಹೋಯಿತೇನೋ ಎಂದು ತಮ್ಮ ಹಲೋ ಹಲೋ ಎಂದ.

"ಇದೀನಿ, ಇದೀನಿ," ಎಂದ ಅಣ್ಣ. "ಇಳಿಸ್ಬೇಕು. ನೀನು ಹೇಳೋದು ಸರಿ."

*

ಅಡುಗೆಮನೆಯಲ್ಲಿ ಅತ್ತಿಗೆ ಒಬ್ಬರೇ ನಿಂತಿದ್ದರು. ಸುತ್ತ ಕೂತ ಹೆಂಗಸರಿಂದ ತಪ್ಪಿಸಿಕೊಂಡು ನೀರು ಕುಡಿಯುವ ನೆಪದಲ್ಲಿ ಎದ್ದು ಬಂದಿದ್ದರು. ತಮ್ಮ ಬಾಗಿಲಲ್ಲಿ ನಿಂತ. ಹಿಂದೆ ಹೋದ. ಮತ್ತೆ ಬಂದು ನಿಂತ.

"ಒಳಗೆ ಬಾ, ಇಲ್ಲಾ ಆಚೆ ಹೋಗು," ಎಂದರು ಅತ್ತಿಗೆ. "ಗಡಿಯಾರದ ಹಾಗೆ ಆಡ್ಬೇಡ."

ಅವನು ಒಳಗೆ ಬಂದು ಬಾಗಿಲನ್ನು ಅರ್ಧ ಎಳೆದ. ಯಜಮಾನ ಹೇಳಿದ್ದು, ತಾನು ಫೋನಿನಲ್ಲಿ ಹೇಳಿದ್ದು, ಎಲ್ಲವನ್ನೂ ತಡವರಿಸುತ್ತ ಒಪ್ಪಿಸಿದ. "ಆಟದ ಮಾತು ಅಂದ್ಕೊಂಡೆ ಅತ್ತಿಗೆ. ಅವನು ತನ್ನ ವಿಷಯ ಹೇಳ್ತಿದ್ದ, ನಾನು ಚೀಲದಲ್ಲಿರೋ ಕತ್ತಿ ಬಿಸಾಕು ಅಂತ... ಅವತ್ತೇ ತಿಳ್ಕೊಂಡು ಬಂದಿದ್ರೆ, ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ..."

"ಹೋಗಿದ್ವಿ," ಎಂದರು ಅತ್ತಿಗೆ.

"ಆಂ?"

"ಆಸ್ಪತ್ರೆಗೆ. ಅದಕ್ಕೂ ಮುಂಚೆನೇ ಹೋಗಿದ್ವಿ. ಡಾಕ್ಟರ ಮುಂದೆ ನಾನೇ ಕೂತಿದ್ದೆ. ಹೃದಯ ಪೂರ್ತಿ ಸೋತಿದೆ, ಆಪರೇಷನ್ ಮಾಡಿದ್ರೂ ಗ್ಯಾರಂಟಿ ಇಲ್ಲ ಅಂದ್ರು. ಬೇಡ ಅಂದ್ರು ನಿಮ್ಮಣ್ಣ. ಮಗಳಿಗೂ ಗೊತ್ತಿತ್ತು."

ತಮ್ಮನ ಮುಖ ಕೆಂಪಾಯಿತು. "ಎಲ್ಲರಿಗೂ ಗೊತ್ತಿತ್ತು. ನಾನೊಬ್ಬ ಹೊರಗಿನವನು. ಅತಿಥಿ."

"ಆ ಮಾತು ಅವತ್ತು ಯಾಕಾದ್ರೂ ಬಾಯಿಂದ ಬಂತೋ ಅಂತ ಅವರು ಎಷ್ಟು ಸಲ ಒದ್ದಾಡಿದಾರೆ ಗೊತ್ತಾ ನಿನಗೆ?" ಅತ್ತಿಗೆ ಲೋಟವನ್ನು ಕುಕ್ಕಿದರು. "ಹೇಳ್ರಿ, ಒಡಹುಟ್ಟಿದವನು, ತಿಳ್ಕೊಳ್ಳಲಿ ಅಂತ ನಾನೇ ಹೇಳಿದೆ. 'ಅವನಿಗೆ ಹೇಳಿದ್ರೆ ಭಾನುವಾರ ಕೆಟ್ಟು ಹೋಗುತ್ತೆ ಕಣೆ' ಅಂದ್ರು. 'ನೀವಿಬ್ರೂ ನನ್ನ ಉಸಿರು ಎಣಿಸ್ತಾ ಕೂತಿದೀರ. ಯಜಮಾನರು ಕನಿಕರ ತೋರಿಸ್ತಾರೆ. ಅವನೊಬ್ಬ ಇನ್ನೂ ನನ್ನ ಜೊತೆ ಜಗಳ ಆಡ್ತಾನೆ. ಅದೊಂದು ಇರಲಿ ಬಿಡು.' ಹಂಗಂದ್ರು."

ತಮ್ಮ ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟ. ಕೈ ತೊಳೆದ. ತೊಳೆದ ಕೈಯನ್ನೇ ಮತ್ತೆ ತೊಳೆದ. ನೀರಿನ ಸದ್ದಿನ ಮೇಲೆ ದನಿ ಏರಿಸಿ ಕೇಳಿದ: "ಹಾಗಾದ್ರೆ ಆ ದಮ್ಮಿನ ಮಾತು? ಆಟದ್ದಾ, ಅವನದಾ?"

"ನನಗೇನು ಗೊತ್ತು? ಅವತ್ತು ಫೋನಿಟ್ಟು ಬಂದು, 'ಡಾಕ್ಟ್ರೂ ಭಾರ ಹೊರಬೇಡ ಅಂದ್ರು, ಇವನೂ ಅದೇ ಹೇಳ್ತಾನೆ, ಇವನಿಗೆ ಫೀಸಿಲ್ಲ' ಅಂದ್ರು. ಇವರು ಏನ್ ಹೇಳ್ತಿದಾರೆ ಅಂತ ನನಗೂ ತಿಳೀಲಿಲ್ಲ." ಅವರು ಕೈಚಾಚಿ ನಲ್ಲಿ ನಿಲ್ಲಿಸಿದರು. "ಸಾಕು, ನೀರು ಸುಮ್ನೆ ಹೋಗ್ತಿದೆ. ಇಲ್ಲಿ ನೋಡು. ನಾನೊಂದು ಕೇಳ್ತೀನಿ."

ಅವನು ನೋಡಿದ. ಬೆಳಗಿನಿಂದ ಅತ್ತಿಗೆಯ ಕಣ್ಣು ಒಣಗಿಯೇ ಇದ್ದುದು ಅವನಿಗೆ ಈಗ ಗಮನಕ್ಕೆ ಬಂತು.

"ಭಾನುವಾರ ನಾನು ಇಲ್ಲೇ ನಿಂತಿರ್ತಿದ್ದೆ. ಅವರು ಅಲ್ಲಿ ನಗೋದು ಕೇಳಿಸ್ತಿತ್ತು. ಆಮೇಲಾಮೇಲೆ ನಮ್ಮ ಜೊತೆ ನಗ್ತಿರ್ಲಿಲ್ಲ, ಪಾಪ, ಅವರಿಗೂ ಆಗ್ತಿರ್ಲಿಲ್ಲ. ಒಂದು ದಿನ ಹೇಗೆ ನಕ್ಕರು ಅಂದ್ರೆ, ಕೆಮ್ಮು ಬಂದು ಉಸಿರು ಕಟ್ಟೋ ಹಾಗೆ. ನಾನು ಹೆದರಿ ಓಡಿ ಹೋದೆ. ಕಣ್ಣಲ್ಲಿ ನೀರು ಸುರಿಸ್ಕೊಂಡು ನಗ್ತಿದಾರೆ. ಏನ್ರೀ ಅದು ಅಂದ್ರೆ, 'ನಿಂಗೆ ಗೊತ್ತಾಗಲ್ಲ ಬಿಡು' ಅಂದ್ರು." ಅವರು ಲೋಟವನ್ನು ಕಟ್ಟೆಯ ಒಳಕ್ಕೆ ಸರಿಸಿದರು. "ಏನಕ್ಕೆ ನಕ್ಕಿದ್ದು ಅವತ್ತು?"

"ಅತ್ತಿಗೆ... ಈಗ ಅದು..."

"ಈಗಲೇ. ಇನ್ನು ಸ್ವಲ್ಪ ಹೊತ್ತಿಗೆ ಅವರನ್ನ ಎತ್ಕೊಂಡು ಹೋಗ್ತೀರಿ. ಆಮೇಲೆ ನೀನು ನಿನ್ನ ಮನೆಗೆ ಹೋಗ್ತೀಯ. ನಾನು ಯಾರನ್ನ ಕೇಳ್ಲಿ?"

ತಮ್ಮ ಅರ್ಧ ಎಳೆದಿದ್ದ ಬಾಗಿಲ ಕಡೆ ನೋಡಿದ. ಆಚೆ ಯಾರೋ ಮೆಲ್ಲಗೆ ಬಿಕ್ಕುತ್ತಿದ್ದರು.

"ಕುದುರೆ," ಎಂದ.

"ಯಾವ ಕುದುರೆ?"

"ಆಟದಲ್ಲಿ ಒಂದು ಕುದುರೆ ಇರುತ್ತೆ. ಶಿಳ್ಳೆ ಹೊಡೆದ್ರೆ ಎಲ್ಲಿದ್ರೂ ಓಡಿ ಬರ್ಬೇಕು. ಒಂದು ದಿನ ಅಣ್ಣ ಛತ್ರದಿಂದ ಆಚೆ ಬಂದು ಶಿಳ್ಳೆ ಹೊಡೆದಿದಾನೆ. ಕುದುರೆ ಇಲ್ಲ. ಮತ್ತೆ ಹೊಡೆದಿದಾನೆ. ಇಲ್ಲ. ತಲೆ ಎತ್ತಿ ನೋಡ್ತಾನೆ, ಛತ್ರದ ಸೂರಿನ ಮೇಲೆ ನಿಂತಿದೆ."

"ಸೂರಿನ ಮೇಲೆ ಕುದುರೆ ಹೇಗೆ ಹೋಗುತ್ತೆ?"

"ಹೋಗಲ್ಲ. ಆಟ ಮಾಡಿದವರ ತಪ್ಪು ಅದು. ಬೇರೆಯವರಾಗಿದ್ರೆ ಬಿಟ್ಟು ಇನ್ನೊಂದು ಕುದುರೆ ತಗೋತಾರೆ. ನಾನೂ ಅದನ್ನೇ ಹೇಳಿದೆ. ಇವನು ಕೇಳ್ಲಿಲ್ಲ. 'ಹಂಚು ಜಾರುತ್ತೆ, ಅದನ್ನ ಅಲ್ಲಿ ಬಿಟ್ಟು ಹೇಗೋ ಹೋಗೋದು' ಅಂತ ನನ್ನನ್ನ ಫೋನಲ್ಲಿ ಇಟ್ಕೊಂಡೇ ಕುದುರೆಗೆ ದಾರಿ ಹೇಳ್ತಿದಾನೆ. 'ಎಡಗಾಲು ಹಿಂದಕ್ಕೆ ಇಡಪ್ಪ, ಹಾಂ, ಕೆಳಗೆ ನೋಡ್ಬೇಡ, ಅವಸರ ಇಲ್ಲ...' ಅದು ಒಂದು ಕಾಲು ಎತ್ತೋದು, ಅಲ್ಲೇ ಇಡೋದು. ಛತ್ರದವನು ಬಾಗಿಲಲ್ಲಿ ನಿಂತು 'ಬನ್ನಿ, ಒಳಗೆ ಬೆಚ್ಚಗಿದೆ' ಅಂತಿದಾನೆ, ಹೇಳಿದ್ದನ್ನೇ ಹೇಳ್ತಾ. ಇವನು ಅವನಿಗೆ ಬೈತಿದಾನೆ, 'ಅಯ್ಯಾ, ನಿನ್ನ ತಲೆ ಮೇಲೆ ಕುದುರೆ ನಿಂತಿದೆ, ಮೊದಲು ಅದನ್ನ ನೋಡು' ಅಂತ!"

ಅತ್ತಿಗೆಯ ಬಾಯಿಯ ಒಂದು ಕೊನೆ ಅಲುಗಿತು. "ನಿಂತಿತ್ತು ಅಂದ್ರೆ ಹೇಗೆ ನಿಂತಿತ್ತು?"

ಮಾತಿನಲ್ಲಿ ಹೇಳಲಾಗಲಿಲ್ಲ. ತಮ್ಮ ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಎಳೆದು, ಅದರ ಮೇಲೆ ಒಂದು ಮಂಡಿಯೂರಿ ಎರಡೂ ಅಂಗೈಗಳನ್ನು ಅಡುಗೆಕಟ್ಟೆಯ ಮೇಲಿಟ್ಟ. ಉಳಿದ ಕಾಲನ್ನು ಹಿಂದಕ್ಕೆ ಗಾಳಿಯಲ್ಲಿ ಚಾಚಿದ. ಕುತ್ತಿಗೆ ಉದ್ದ ಮಾಡಿ, ಏನೂ ಆಗಿಲ್ಲವೆಂಬಂತೆ ದೂರ ನೋಡುವ ಮುಖ ಮಾಡಿದ.

ಅತ್ತಿಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ನಗು ಬೆರಳ ಸಂದಿಯಿಂದ ಆಚೆ ಚಿಮ್ಮಿತು. ಒಮ್ಮೆ ಚಿಮ್ಮಿದ್ದು ಮತ್ತೆ ನಿಲ್ಲಲಿಲ್ಲ. ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಿಂದ ದಳದಳ ನೀರು ಸುರಿಸುತ್ತ ನಕ್ಕರು. ನಡುಮನೆಯಲ್ಲಿ ಬಿಕ್ಕುತ್ತಿದ್ದವರು ಸುಮ್ಮನಾದರು. ಕುರ್ಚಿಯೊಂದು ಕಿರ್ರೆಂದಿತು. ಯಾರೋ "ಏನದು?" ಎಂದರು.

ಬಾಗಿಲು ತೆರೆಯಿತು. ಹೆಗಲ ಮೇಲಿನ ಚೀಲವನ್ನು ಇನ್ನೂ ಇಳಿಸದ ಅಣ್ಣನ ಮಗಳು ನಿಂತಿದ್ದಳು. ಪ್ರಯಾಣದ ಕೆದರಿದ ಕೂದಲು, ಅತ್ತು ಊದಿದ ಮುಖ. ನಗುತ್ತಿರುವ ಅಮ್ಮನನ್ನು ನೋಡಿದಳು. ಸ್ಟೂಲಿನ ಮೇಲೆ ನಾಲ್ಕು ಕಾಲಾಗಿದ್ದ ಚಿಕ್ಕಪ್ಪನನ್ನು ನೋಡಿದಳು. ಅವಳ ಹಿಂದೆ ಗಾಜಿನಂಗಡಿಯ ಯಜಮಾನ, ಬಡಗಿ, ಇನ್ನೂ ಎರಡು ಮೂರು ಮುಖಗಳು.

ತಮ್ಮ ಇಳಿಯಲು ಹೊರಟ.

"ಹಾಗಲ್ಲ ಚಿಕ್ಕಪ್ಪ," ಎಂದಳು ಅವಳು. "ಅಪ್ಪ ನಂಗೆ ಆ ಕುದುರೆ ಫೋಟೋ ಕಳಿಸಿದ್ರು. ಮುಖ ಈ ಕಡೆ ಇರ್ಲಿಲ್ಲ. ಬೆಟ್ಟದ ಕಡೆಗಿತ್ತು."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಅಂಗೈಗಳನ್ನು ಒಂದೊಂದಾಗಿ ಸರಿಸುತ್ತ, ಮಂಡಿಯ ಮೇಲೆಯೇ ಕಿಟಕಿಯ ಕಡೆಗೆ ತಿರುಗತೊಡಗಿದ. ಸ್ಟೂಲು ವಾಲಿತು. ಅತ್ತಿಗೆ ನಗುತ್ತಲೇ ನೆಲಕ್ಕೆ ಕುಕ್ಕರಿಸಿ, ಅದರ ಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.