ನಿಂತು ತಿಂದದ್ದು

ನಾನು ಸುಳ್ಳುಗಾತಿ ಎಂದು ಚಾಡಿ ಹೇಳಿದ್ದು ನನ್ನದೇ ರಕ್ತ.

ಆ ವರ್ಷ ಬಾನಿ ಪಟ್ಟಣದ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯವರ ಮೇಲೆ ಒಂದು ಅಧ್ಯಯನ ನಡೆದಿತ್ತು. ರಾಜಧಾನಿಯಿಂದ ಬಂದ ಡಾಕ್ಟರು ನಮ್ಮಂಥ ಎಂಬತ್ತು ಹೆಂಗಸರನ್ನು ಎರಡು ಪಾಲು ಮಾಡಿದ್ದರು. ಮಾತ್ರೆ ಎಲ್ಲರಿಗೂ ಒಂದೇ. ಆದರೆ ಅರ್ಧ ಜನ ದಿನವೂ ತಿಂದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು. ಬರೆಯುವವರ ಸಕ್ಕರೆ ಬರೆಯದವರದ್ದಕ್ಕಿಂತ ಹೆಚ್ಚು ಇಳಿಯುತ್ತದೆಯೇ ಎಂದು ಅವರು ನೋಡಬೇಕಿತ್ತು. ನನಗೆ ಸಿಕ್ಕಿದ್ದು ಹಸಿರು ರಟ್ಟಿನ ಪುಸ್ತಕ. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ದಿಗ್ನಾ ಪೆಗೆರೊ ಎಂದು ನನ್ನ ಹೆಸರು. ಕರೆಂಟು ಬಿಲ್ಲಿನಿಂದ ಹಿಡಿದು ಗೋರಿಯ ಜಾಗದವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ನನ್ನ ಗಂಡ ಎರಾಸ್ಮೋನ ಹೆಸರಲ್ಲಿತ್ತು. ಹಾಗಾಗಿ ಆ ಪುಸ್ತಕವನ್ನು ನಾನು ಒದ್ದೆ ಕೈಯಲ್ಲಿ ಒಂದು ದಿನವೂ ಮುಟ್ಟಲಿಲ್ಲ.

ಮೂರು ತಿಂಗಳಾದ ಮೇಲಿನ ಗುರುವಾರ, ಪುಸ್ತಕಗಳನ್ನು ಓದುವ ನರ್ಸ್ ಯೊಕಾಸ್ತಾ ನನ್ನನ್ನು ಮೇಜಿನ ಹತ್ತಿರ ಕರೆದಳು.

"ದೋನ್ಯಾ ದಿಗ್ನಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಪುಸ್ತಕ ನೋಡಿದ್ರೆ, ಇಷ್ಟು ತಿಂದ ಕೋಳಿ ಮೊಟ್ಟೆ ಕೂಡ ಇಡಲ್ಲ. ರಕ್ತ ನೋಡಿದ್ರೆ ದಿನಾ ಮದುವೆ ಊಟ."

"ತಿಂದಿದ್ದನ್ನೇ ಬರ್ದಿದೀನಿ ಮಗಳೇ."

"ಬೆಳಿಗ್ಗೆ ಕಾಫಿ. ಮಧ್ಯಾಹ್ನ ಏನಿಲ್ಲ. ರಾತ್ರಿ ಅರ್ಧ ಬಾಳೆಕಾಯಿ. ಮೂರು ತಿಂಗಳೂ ಇದೇನಾ?"

"ಇದೇ."

ಹಿಂದಿನ ಬೆಂಚಿನಲ್ಲಿ ಎರ್ಸೀಲಿಯಾ ಕೂತಿದ್ದಳು. ನನ್ನ ಮಗಳ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿಕೊಂಡು ಧರ್ಮಮಾತೆಯಾದವಳು, ಹಾಗಾಗಿ ನಾವು ಒಬ್ಬರಿಗೊಬ್ಬರು ಕೊಮಾಯ್. ಆ ಸಲಿಗೆಯಲ್ಲಿ ಮೂವತ್ತು ವರ್ಷದಿಂದ ನನ್ನನ್ನು ಆಡಿಕೊಳ್ಳುತ್ತ ಬಂದವಳು.

"ನಮ್ಮ ಕೊಮಾಯ್ ಗಾಳಿ ಕುಡ್ಕೊಂಡೇ ಬದುಕೋದು ಸಿಸ್ಟರ್," ಎಂದಳು. "ಮಿಠಾಯಿ ಮಾಡೋ ನಮ್ಮ ಪಾಯಾ ಊರಲ್ಲಿ ಗಾಳೀಲೂ ಸಕ್ಕರೆ ಇರತ್ತೆ."

ಬೆಂಚೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಪುಸ್ತಕಕ್ಕೂ ರಕ್ತಕ್ಕೂ ತಾಳೆಯಾಗದವರ ಹೆಸರು ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಮಾತ್ರೆ ಬೇರೆ ಕಡೆಯೂ ಸಿಕ್ಕೀತು. ಆದರೆ ನಾನು ಹೆದ್ದಾರಿಯ ಪಕ್ಕದಲ್ಲಿ ಹಾಲಿನ ಮಿಠಾಯಿ ಮಾಡಿ ಮಾರುವವಳು. ಇವತ್ತು ಕರೆದ ಹಾಲು ಎಂದು ನಾನಂದರೆ ಜನ ಮೂಸಿ ನೋಡದೆ ಕೊಳ್ಳುತ್ತಾರೆ. ದಿಗ್ನಾ ಪುಸ್ತಕದಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದಳಂತೆ ಎಂಬ ಮಾತು ನನಗಿಂತ ಮುಂಚೆ ಬಸ್ಸಿಳಿದು ನಮ್ಮ ಬೀದಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಕಷ್ಟವೆಂದರೆ, ನಾನು ಸುಳ್ಳು ಬರೆದಿರಲಿಲ್ಲ. ಮನಸ್ಸಿನ ಮೂಲೆ ಮೂಲೆ ಗುಡಿಸಿ ನೋಡಿದರೂ ಒಂದು ಸುಳ್ಳು ಸಿಗಲಿಲ್ಲ.

ಯೊಕಾಸ್ತಾ ಪೆನ್ಸಿಲ್ ಕಚ್ಚುತ್ತ ಯೋಚಿಸಿದಳು. "ಹೆಸರು ತೆಗೆಯೋಕೆ ಮುಂಚೆ ಒಂದು ದಿನ ನಿಮ್ಮನೇಲಿ ಇರ್ತೀನಿ. ನಿಮ್ಮ ಪಾಡಿಗೆ ಕೆಲಸ ಮಾಡ್ತಿರಿ, ನಾನು ನೋಡ್ತಿರ್ತೀನಿ."

"ಬಾ. ನನ್ನ ಅಡುಗೆಮನೇಲಿ ಮುಚ್ಚಿಡೋಂಥದ್ದು ಏನೂ ಇಲ್ಲ."

ಶನಿವಾರ ಬೆಳಿಗ್ಗೆ ಬಾಡಿಗೆ ಮೋಟರ್ ಸೈಕಲ್ಲಿನ ಹಿಂದೆ ಕೂತು ಬಂದಳು. ಹಾಲಿನ ಕ್ರೇಟೊಂದನ್ನು ಬೋರಲು ಹಾಕಿಕೊಟ್ಟೆ, ಒಲೆಯ ಎದುರಿಗೆ ಕೂತಳು. ಒಳ್ಳೆಯ ಹುಡುಗಿ, ಅಡ್ಡ ಬರಲಿಲ್ಲ. ನಾನು ಕಾಫಿ ಮಾಡಿದೆ, ಬಾಳೆಕಾಯಿ ಬೇಯಿಸಿ ಅರೆದೆ, ಎರಾಸ್ಮೋನಿಗೂ ಅವನ ಇಬ್ಬರು ತಮ್ಮಂದಿರಿಗೂ ಬಡಿಸಿದೆ, ತಟ್ಟೆ ಎತ್ತಿದೆ, ಕೊಪ್ಪರಿಗೆಗೆ ಹಾಲು ಸುರಿದು ಸಕ್ಕರೆ ಹಾಕಿ ಮರದ ಹುಟ್ಟಿನಿಂದ ತಿರುವುತ್ತ ನಿಂತೆ. ಆಗಾಗ ಪೆನ್ಸಿಲ್ ಸದ್ದು ಕೇಳುತ್ತಿತ್ತು. ನಾನು ಬಾಯಿಗೆ ಏನೂ ಹಾಕದಿರುವಾಗ ಈ ಹುಡುಗಿ ಏನು ಗೀಚುತ್ತಿದ್ದಾಳೆ? ಒಲೆಯ ಚಿತ್ರ ಬರೆಯುತ್ತಿರಬೇಕು ಅಂದುಕೊಂಡೆ. ಮಿಠಾಯಿ ಹರವಿದೆ, ಕತ್ತರಿಸಿದೆ. ಮಧ್ಯಾಹ್ನ ಅನ್ನ, ಬೀನ್ಸ್, ಕೋಳಿ ಮಾಡಿ ನಾಲ್ವರಿಗೂ ಬಡಿಸಿದೆ.

ಸಂಜೆ ಅವಳು ಕಾಗದ ತೆಗೆದು ಓದಿದಳು.

"ಏಳೂಕಾಲು, ಕಾಫಿಗೆ ಸಕ್ಕರೆ ಸಾಕಾ ಅಂತ ಎರಡು ಗುಟುಕು. ಎಂಟು, ದೋನ್ ಎರಾಸ್ಮೋ ತಟ್ಟೇಲಿ ಬಿಟ್ಟ ಬಾಳೆಕಾಯಿ. ಒಂಬತ್ತೂವರೆ, ಹುಟ್ಟಿನ ತುದಿಯ ಪಾಕ. ಒಂಬತ್ತು ನಲವತ್ತು, ಹುಟ್ಟಿನ ತುದಿಯ ಪಾಕ."

"ಅದು ಹದ ನೋಡಿದ್ದು."

"ಹನ್ನೊಂದು ಸಲ ನೋಡಿದ್ರಿ."

"ಹದ ತಪ್ಪಿದ್ರೆ ಮರಳು ಮರಳಾಗತ್ತೆ. ಆಮೇಲೆ ನೀನು ಬಂದು ಕೊಳ್ತೀಯಾ?"

"ಕತ್ತರಿಸುವಾಗ ಅಂಚಿನ ಚೂರು, ಆರು."

"ವಕ್ರ ಚೂರು ಯಾರಿಗೆ ಮಾರೋದು?"

"ಮಧ್ಯಾಹ್ನ ಪಾತ್ರೆ ತಳಕ್ಕೆ ಅಂಟಿದ ಗರಿಗರಿ ಅನ್ನ. ಸುತ್ತ ಕೆರೆದು, ಬೀನ್ಸ್ ಸಾರು ಹಾಕ್ಕೊಂಡು, ಇನ್ನೊಂದು ಸುತ್ತು ಕೆರೆದು."

"ಪಾತ್ರೆ ತೊಳೀಬೇಕಲ್ಲ ಮಗಳೇ."

"ದೋನ್ಯಾ ದಿಗ್ನಾ," ಅವಳು ಮೆಲ್ಲಗೆ ಕೇಳಿದಳು, "ಇದೆಲ್ಲ ತಿಂದಿದ್ದಲ್ವಾ?"

"ತಿನ್ನೋಕೆ ನಾನೆಲ್ಲಿ ಕೂತೆ?"

ಬಾಯಿಂದ ಬಂದ ಮೇಲೆ ಆ ಮಾತು ನನಗೇ ಕೇಳಿಸಿತು. ಊಟವೆಂದರೆ ಮೇಜು, ತಟ್ಟೆ, ಕುರ್ಚಿ. ಒಲೆಯ ಮುಂದೆ ಬಾಯಿಗೆ ಹೋಗಿದ್ದು ಕೆಲಸ. ಬೆಳಗಿನ ಕಾಫಿಯೂ ರಾತ್ರಿಯ ಬಾಳೆಕಾಯಿಯೂ ಹೊಸ್ತಿಲ ಮೇಲಾದರೂ ಕೂತು ಆಗುತ್ತಿದ್ದವು, ಹಾಗಾಗಿ ಅವೆರಡೇ ಪುಸ್ತಕ ಸೇರಿದ್ದವು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಮ್ಮನನ್ನು ನೋಡಿ ಕಲಿತಿದ್ದೆ. ಅಮ್ಮ ದಿನಾ ಮೇಜಿಗೆ ಕೂತು ಉಂಡದ್ದು ಸಕ್ಕರೆ ಕಾಯಿಲೆಗೆ ಕಾಲು ಹೋದ ಮೇಲೆಯೇ. ಆಗಲೂ, ಎಲ್ಲರ ಮುಂದೆ ಹೀಗೆ ಕೂತು ತಿನ್ನೋಕೆ ನಾಚಿಕೆಯಾಗತ್ತೆ ಅನ್ನುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಎರಾಸ್ಮೋ ಗಂಟಲು ಸರಿಮಾಡಿಕೊಂಡ. "ನಾವೆಲ್ಲ ಎದ್ದ ಮೇಲೆ ನೀನು ಕೂತು ಉಣ್ತೀಯ ಅಂದ್ಕೊಂಡಿದ್ದೆ."

"ಮೂವತ್ತೊಂದು ವರ್ಷ ಅಂದ್ಕೊಂಡೇ ಇದ್ದೆಯಲ್ಲ."

ಯೊಕಾಸ್ತಾ ಕಾಗದ ಮಡಿಸಿ, ನಾನು ಕೊಟ್ಟ ಮಿಠಾಯಿ ಪೊಟ್ಟಣವನ್ನೂ ಕಟ್ಟಿಕೊಂಡು ಹೊರಟಳು. ಹೆಸರಿನ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಗುರುವಾರದವರೆಗೆ ನನ್ನ ಮಿಠಾಯಿ ಎರಡು ಸಲ ಹದ ತಪ್ಪಿತು.

ಗುರುವಾರ ಅವಳು ನನ್ನ ಹೆಸರೆತ್ತದೆ ಇಡೀ ಬೆಂಚನ್ನು ಕೇಳಿದಳು. "ನಿಂತ್ಕೊಂಡು ತಿಂದಿದ್ದನ್ನ ಪುಸ್ತಕದಲ್ಲಿ ಬರ್ದೋರು ಎಷ್ಟು ಜನ ಇದೀರ? ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ. ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ನಮ್ಮನ್ನೆಲ್ಲ ಸಾಲಾಗಿ ನೋಡಿದರು. ಎರ್ಸೀಲಿಯಾ ಛಾವಣಿಯ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು.

"ರುಚಿ ನೋಡಿದ್ದೂ ಬರೀಬೇಕಿತ್ತಾ?" ಎಂದಳು ಕೊನೆಗೆ. "ಮೊದಲೇ ಹೇಳಬಾರದಾ? ಮೊಮ್ಮಕ್ಕಳು ಬಿಟ್ಟಿದ್ದನ್ನೆಲ್ಲ ಬರೆಯೋಕೆ ಹೋದ್ರೆ ಇನ್ನೊಂದು ಪುಸ್ತಕ ಬೇಕು."

"ಗಾಳಿ ಕುಡಿಯೋಳು ನಾನೊಬ್ಳೇ ಅಲ್ಲ ಅನ್ನು," ಎಂದೆ.

ಡಾಕ್ಟರು ಮುಂದಿದ್ದ ಲೆಕ್ಕದ ಹಾಳೆಗಳನ್ನು ಮಗುಚಿಟ್ಟರು. ಬರೆಯುವವರ ಪಾಲಿನ ಮೂರು ತಿಂಗಳ ಲೆಕ್ಕವೆಲ್ಲ ಹಳ್ಳ ಹಿಡಿದಿತ್ತು, ಪಾಪ. ಆಮೇಲೆ ನನ್ನ ಕಡೆ ತಿರುಗಿ, "ಪ್ರಶ್ನೆ ಕೇಳೋದ್ರಲ್ಲಿ ನಮ್ಮದೇ ತಪ್ಪಾಯ್ತು ಅಮ್ಮ. ನಿಮ್ಮ ಹೆಸರು ಇರತ್ತೆ," ಎಂದರು. ಯೊಕಾಸ್ತಾ ಮಧ್ಯಾಹ್ನದವರೆಗೆ ಕೂತು ನಲವತ್ತು ಪುಸ್ತಕಗಳಲ್ಲೂ ಹೊಸದೊಂದು ಗೆರೆ ಎಳೆದಳು. ಗೆರೆಯ ಒಂದು ಕಡೆ 'ಕೂತು', ಇನ್ನೊಂದು ಕಡೆ 'ನಿಂತು'.

ಆ ಸಂಜೆ ನಾನು ಅಡುಗೆಮನೆಯ ನಾಲ್ಕನೆಯ ಕುರ್ಚಿಯ ಮೇಲಿದ್ದ ಒಗೆದ ಬಟ್ಟೆಯ ರಾಶಿ ಎತ್ತಿ ಮಂಚಕ್ಕೆ ಹಾಕಿದೆ. ಬಾಳೆಕಾಯಿ, ಒಂದು ತುಂಡು ಮೀನು, ಸೌತೆಕಾಯಿ ತಟ್ಟೆಗೆ ಬಡಿಸಿಕೊಂಡು ಎರಾಸ್ಮೋನ ಎದುರಿಗೆ ಕೂತೆ. ಕುರ್ಚಿ ಎಡಕ್ಕೆ ವಾಲಿತು.

"ಇದರ ಒಂದು ಕಾಲು ಗಿಡ್ಡ," ಎಂದೆ.

"ಯಾವಾಗಿಂದ?"

"ನನ್ನನ್ನೇನು ಕೇಳ್ತೀಯ? ಇವತ್ತೇ ಕೂತಿದ್ದು."

ಅವನು ಎದ್ದು, ರಟ್ಟಿನ ತುಂಡು ಮಡಿಸಿ, ಮಂಡಿಯೂರಿ ಕುರ್ಚಿಯ ಕಾಲಿನ ಕೆಳಗಿಟ್ಟ. ಮತ್ತೆ ಒಲೆಯ ಕಡೆ ನೋಡಿದ.

"ತಳದ ಅನ್ನ?"

"ನೀನೇ ಕೆರಿ."

ಅವನಿಗೆ ಕೆರೆಯಲು ಬರುವುದಿಲ್ಲ. ಚಮಚವನ್ನು ನೆಟ್ಟಗೆ ಹಿಡಿದು ಪಾತ್ರೆಯನ್ನೇ ತೂತು ಮಾಡುವವನ ಹಾಗೆ ಕೆರೆಯುತ್ತಿದ್ದ. ಆ ಸದ್ದಿಗೆ ಎರಡು ಸಲ ಏಳಲು ಹೋದೆ, ಎರಡು ಸಲವೂ ಕೂತೆ. ಮೀನು ತಣ್ಣಗಾಗುವ ಮೊದಲೇ ಉಂಡೆ.